ಅವ್ವನ ತಮ್ಮನಿಗೆ ಕೊಡಬೇಕಿದ್ದ ಕಿಡ್ನಿ

ನನ್ನ ತಮ್ಮನಿಗೆ ಅಮ್ಮ ಕಿಡ್ನಿ ಕೊಟ್ಟಾಗ ಆಸ್ಪತ್ರೆಯ ಸಮಿತಿಯವರು ಕೇಳಿದ್ದು ಎರಡೇ ಪ್ರಶ್ನೆ. ಯಾರಾದರೂ ಒತ್ತಾಯ ಮಾಡಿದ್ದಾರಾ? ಆಪರೇಷನ್ನಿನ ಅಪಾಯ ಗೊತ್ತಾ? ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪಾಸ್‌ಪೋರ್ಟು ಮೇಜಿನ ಮೇಲಿಟ್ಟು, "ಮಗನಿಗೆ ಕೊಡ್ಲಿಕ್ಕೆ ಯಾರು ಒತ್ತಾಯ ಮಾಡ್ಬೇಕು?" ಅಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಚಹಾ ಬಂತು, ಚಹಾ ಮುಗಿಯುವುದರೊಳಗೆ ಸಹಿಯೂ ಬಿತ್ತು. ನವಿ ಮುಂಬಯಿಯ ಆ ಆಸ್ಪತ್ರೆ ಎಷ್ಟು ಒಳ್ಳೆಯದು ಅಂತ ನೆರೂಳದ ನಮ್ಮ ಸೊಸೈಟಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಅದಕ್ಕೂ ಮೊದಲು ನನ್ನ ತಮ್ಮ ಡಯಾಲಿಸಿಸ್‌ಗೆ ಹೋಗುತ್ತಿದ್ದ ದಿನಗಳಲ್ಲಿ ಪಕ್ಕದ ಹಾಸಿಗೆಯಲ್ಲಿ ಗುಲ್ಬರ್ಗ ಕಡೆಯವನೊಬ್ಬ ಇರುತ್ತಿದ್ದ. ಠಾಣೆಯ ಕಾರ್ಖಾನೆ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಗೋದಾಮಿನಲ್ಲಿ ಲಾರಿಗೆ ಮಾಲು ಹೇರುತ್ತಿದ್ದವನು. ವಾಸ ಮುಂಬ್ರಾದ ಒಂದೇ ಕೋಣೆಯ ಖೋಲಿಯಲ್ಲಿ. ವಾರಕ್ಕೆ ಮೂರು ಸಲ ಯಂತ್ರದ ಮುಂದೆ ಮಲಗಬೇಕಾದವನು ಎರಡೇ ಸಲ ಬರುತ್ತಿದ್ದ. ಮೂರನೆಯದಕ್ಕೆ ಕೈ ಸಾಗುತ್ತಿರಲಿಲ್ಲ. ಸೋಮವಾರ ಬರುವ ಹೊತ್ತಿಗೆ ಮುಖ ಊದಿ ಕಣ್ಣು ಮುಚ್ಚಿಹೋಗಿರುತ್ತಿದ್ದವು. ಹೆಂಡತಿ ಇನ್ನೂ ಮೂವತ್ತು ದಾಟದವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಕನ್ನಡ ಮಾತಾಡಿದ್ದು ಕೇಳಿದ್ದೇ ತಡ, ಡಬ್ಬಿಯಿಂದ ಜೋಳದ ರೊಟ್ಟಿ ಮುರಿದು ನನ್ನ ಕೈಗಿಟ್ಟಳು.

"ನಂದ ಕೊಡ್ತೀನ್ರಿ ಅಕ್ಕಾರ. ನಾ ಗಟ್ಟಿ ಇದ್ದೀನಿ," ಅನ್ನುತ್ತಿದ್ದಳು.

ಅಮ್ಮನ ಕಿಡ್ನಿ ಹಾಕಿಸಿಕೊಂಡು ನನ್ನ ತಮ್ಮ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಅಷ್ಟರಲ್ಲಿ ಅವಳ ಪರೀಕ್ಷೆಗಳೆಲ್ಲ ಮುಗಿದು, ರಕ್ತವೂ ಹೊಂದಿ, ಯಾವುದೋ ಟ್ರಸ್ಟಿನವರು ಖರ್ಚು ಹೊರಲು ಒಪ್ಪಿದ್ದರು. ಉಳಿದದ್ದು ಸಮಿತಿಯ ಒಪ್ಪಿಗೆ ಮಾತ್ರ. ಅವಳ ಹಿಂದಿ ಬಜಾರಿಗೆ ಸಾಕಾಗುತ್ತಿತ್ತು, ಸಮಿತಿಗೆ ಸಾಲದು. ಭಾಷಾಂತರಕ್ಕೆ ಬನ್ನಿ ಅಂತ ಆಸ್ಪತ್ರೆಯವರು ನನಗೆ ಫೋನು ಮಾಡಿದರು. ಠಾಣೆಯ ನಮ್ಮ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಹೋದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅನ್ನುವ ಹಮ್ಮು ಬೇರೆ.

ಅದೇ ಕೋಣೆ, ಅದೇ ಜನ. ಇವಳಿಗೆ ಮೊದಲ ಪ್ರಶ್ನೆಯೇ, "ಎಷ್ಟು ದುಡ್ಡು ಕೊಡ್ತೇನೆ ಅಂದಿದ್ದಾನೆ?"

"ಗಂಡ ಹೆಂಡತಿಗೆ ಯಾಕ ರೊಕ್ಕ ಕೊಡ್ತಾನ್ರಿ?" ಅಂತ ಅವಳು ನನ್ನ ಮುಖ ನೋಡಿದಳು. ಅದನ್ನೇ ತಿರುಗಿಸಿ ಮುರುಗಿಸಿ ಮೂರು ಸಲ ಕೇಳಿದರು. ಕಿಡ್ನಿ ಮಾರಾಟ ನಡೆಯುತ್ತದೆ, ತಡೆಯಬೇಕು, ಬೇಡ ಅನ್ನುವವರು ಯಾರು? ಆದರೆ ಮಾರುವವರ ಕೈ ಸಿಮೆಂಟಿನಿಂದ ಒಡೆದಿರುತ್ತದೆ, ಅವರಿಗೆ ಇಂಗ್ಲಿಷು ಬರುವುದಿಲ್ಲ ಅಂತ ಇವರಿಗೆ ಯಾರು ಹೇಳಿಕೊಟ್ಟರು? ನನ್ನ ಅಮ್ಮನನ್ನು ಹೀಗೆ ಕೇಳಿದ್ದರೆ ನಾನು ಆಸ್ಪತ್ರೆಯನ್ನೇ ಎತ್ತಿ ಒಗೆಯುತ್ತಿದ್ದೆ. ಅವತ್ತು ತೆಪ್ಪಗೆ ಭಾಷಾಂತರ ಮಾಡಿದೆ.

ಆಮೇಲೆ ಸಮಿತಿಯ ಹಿರಿಯರು, "ಮದುವೆಗೆ ಮೊದಲು ಇವನು ನಿನಗೆ ಹೇಗೆ ಗೊತ್ತು?" ಅಂತ ಕೇಳಿದರು.

"ಗೊತ್ತಿಲ್ದ ಏನ್ರಿ! ನಮ್ಮವ್ವನ ಖಾಸ ತಮ್ಮ. ನಾ ಹುಟ್ಟಿದಾಗ ನನ್ನ ತೊಟ್ಟಿಲಾ ತೂಗ್ಯಾನ."

ನಾನು ತುಳುನಾಡಿನವಳು. ನಮ್ಮಲ್ಲಿ ಅಮ್ಮನ ತಮ್ಮ ಅಂದರೆ ಅಪ್ಪನಿಗಿಂತ ಒಂದು ಕೈ ಹೆಚ್ಚು. ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ಕುಲ, ಅವನಿಗೂ ಅಕ್ಕನ ಮಗಳಿಗೂ ಒಂದೇ. ಅಂಥ ಮದುವೆಯ ಮಾತೆತ್ತಿದರೆ ಮನೆಯಿಂದ ಹೊರಗೆ ಹಾಕಿಯಾರು. ಅವಳ ಊರಿನಲ್ಲಿ ಅದು ಹಿರಿಯರು ಮೆಚ್ಚಿ ಮಾಡುವ ಸಂಬಂಧ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎದುರು ಕೂತ ಮರಾಠಿ ಮುಖಗಳನ್ನು ನೋಡಿ ನಾಚಿಕೆಯಾಯಿತು. ಕನ್ನಡದವರೆಲ್ಲ ಹೀಗೇ ಅಂದುಕೊಂಡರೆ ಅನ್ನುವ ನಾಚಿಕೆ. ಯಾರ ಮಾನ ಕಾಯಲು ಹೊರಟಿದ್ದೆನೋ! "ದೂರದ ಸಂಬಂಧ, ಚಿಕ್ಕಂದಿನಿಂದ ಪರಿಚಯ," ಅಂತ ಹಿಂದಿಯಲ್ಲಿ ಹೇಳಿಬಿಟ್ಟೆ.

ಅವರು ಫೈಲು ತಿರುವಿದರು. ಊರಿನ ಹಳೆಯ ರೇಷನ್ ಕಾರ್ಡಿನ ಅನುವಾದ ಅದರಲ್ಲಿತ್ತು. ಮನೆಯ ಯಜಮಾನಿ ಅವನ ತಾಯಿ, ಅವನು ಮಗ, ಇವಳು ಮಗಳ ಮಗಳು.

"ಮ್ಯಾಡಮ್, ಇದು ದೂರದ ಸಂಬಂಧವಾ? ಅಕ್ಕನ ಮಗಳು ಹೆಂಡತಿ ಹೇಗಾದಳು?"

ಆಗ ನಿಜ ಹೇಳಿದೆ. ಅವರ ಕಡೆ ಇದು ಪದ್ಧತಿ, ತಲೆತಲಾಂತರದಿಂದ ಇದೆ, ಅಂತ ತಡವರಿಸಿದೆ. "ಒಂದೇ ಬಾಯಲ್ಲಿ ಎರಡು ಮಾತು," ಅಂತ ಅವರು ಪಕ್ಕದವರ ಕಡೆ ನೋಡಿ ನಕ್ಕರು. ಊರ ಗುಡಿಯಲ್ಲಿ ಆದ ಮದುವೆ, ನೋಂದಣಿ ಇಲ್ಲ. ಅವಳು ಫೋಟೋ ತೆಗೆದು ತೋರಿಸಿದಳು. ಫೋಟೋ ಯಾವ ಸ್ಟುಡಿಯೋದಲ್ಲಾದರೂ ತೆಗೆಸಬಹುದು ಅಂದರು. ಸಂಬಂಧ ಅನುಮಾನಾಸ್ಪದ, ಹೇಳಿಕೆಗಳು ತಾಳೆಯಾಗುವುದಿಲ್ಲ ಅಂತ ಬರೆದು, ಮದುವೆಯ ಪ್ರಮಾಣಪತ್ರ, ತಹಶೀಲ್ದಾರರ ದಾಖಲೆ, ಅವರ ಊರಿರುವ ರಾಜ್ಯದ ಸರ್ಕಾರದಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತರಲು ಹೇಳಿ ಎಬ್ಬಿಸಿದರು.

ಹೊರಗೆ ಬಂದ ಮೇಲೆ ಅವಳು ಕೇಳಿದಳು. "ದೂರದಂವ ಅಂತ ಯಾಕ ಅಂದ್ರಿ ಅಕ್ಕಾರ? ನಮ್ಮವ್ವನ ಬೆನ್ನಿಗೆ ಬಿದ್ದಂವ ಅಂವ."

ಅಷ್ಟು ಹಿಂದಿ ಅವಳಿಗೂ ಬರುತ್ತಿತ್ತು. ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ," ಅಂದಳು. ಬಾಯಿಗೆ ಬಂದ ಹಾಗೆ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಆ ಮೂರು ಕಾಗದಕ್ಕೆ ಐದು ತಿಂಗಳು ಹಿಡಿಯಿತು. ಊರಿನ ಕಚೇರಿಯಲ್ಲಿ ಗುಮಾಸ್ತ ನಕ್ಕಿದ್ದನಂತೆ: "ಸೋದರಮಾವನ್ನ ಮದಿವಿ ಆಗೀನಿ ಅನ್ನೂದಕ್ಕ ಸರ್ಟಿಫಿಕೇಟ್ ಏನವಾ? ಅರ್ಧಾ ಊರು ಹಂಗೇ ಅದ." ಆಕ್ಷೇಪಣೆ ಇಲ್ಲವೆಂಬ ಪತ್ರ ಕೊಡಬೇಕಾದ ಬೆಂಗಳೂರಿನವರು ಆಸ್ಪತ್ರೆಯ ಪತ್ರ ಮೊದಲು ಬರಲಿ ಅಂದರು, ಆಸ್ಪತ್ರೆಯವರು ಬೆಂಗಳೂರಿನದು ಮೊದಲು ಬರಲಿ ಅಂದರು. ಅವಳು ಕೂಲಿ ಬಿಟ್ಟು ರೈಲು ಹತ್ತುವುದು, ಒಂದು ಸಹಿ ಕಮ್ಮಿ ಅಂತ ವಾಪಸು ಬರುವುದು. ನಾನು ಫೋನಿನಲ್ಲಿ ಜಗಳವಾಡಿದೆ, ಕೌಂಟರಿನ ಮೇಲೆ ಕೈ ಗುದ್ದಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು, ನಿಯಮ. ನಮ್ಮ ಮನೆಯ ಸರದಿ ಬಂದಾಗ ಈ ನಿಯಮ ಎಲ್ಲಿ ಸತ್ತಿತ್ತು?

ಕೊನೆಗೆ ಕಾಗದಗಳು ಕೂಡಿದವು. ಸಮಿತಿ ಹತ್ತೇ ನಿಮಿಷದಲ್ಲಿ ಒಪ್ಪಿತು. ತಪ್ಪಾಯಿತು ಅನ್ನುವ ಒಂದು ಮಾತೂ ಯಾರ ಬಾಯಿಂದಲೂ ಬರಲಿಲ್ಲ.

ಆಪರೇಷನ್ನಿಗೆ ಮೊದಲು ಅವನ ಹೃದಯವನ್ನು ಮತ್ತೆ ಪರೀಕ್ಷೆ ಮಾಡಿದರು. ವಾರಕ್ಕೆ ಎರಡೇ ಡಯಾಲಿಸಿಸ್‌ನಲ್ಲಿ ಐದು ತಿಂಗಳು ಎಳೆದ ಹೃದಯ ಪೂರ್ತಿ ಸೋತಿತ್ತು. ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ಹೋಗುತ್ತಾನೆ, ಇನ್ನು ಸಾಧ್ಯವಿಲ್ಲ ಅಂದರು ಆಗಷ್ಟೇ ಆಸ್ಪತ್ರೆಗೆ ಸೇರಿದ್ದ ಹೊಸ ಡಾಕ್ಟರು. ನಾನು ಅವಳಿಗೆ ಅದನ್ನು ಹೇಳಿದೆ. ಡಾಕ್ಟರು ಪೆನ್ನು ತೆಗೆಯುತ್ತ, "ಐದಾರು ತಿಂಗಳ ಹಿಂದೆ ಬಂದಿದ್ದರೆ ಮಾಡಬಹುದಿತ್ತು. ಯಾಕೆ ತಡ ಮಾಡಿದಳು, ಕೇಳಿ," ಅಂದರು.

ನಾನೇ ಕೇಳಬೇಕಾಯಿತು.

"ನಂದೇನ ತಡ ಇಲ್ರಿ," ಅಂದಳು ಅವಳು, ಡಾಕ್ಟರನ್ನಲ್ಲ, ನನ್ನನ್ನು ನೋಡುತ್ತ. "ನಾ ಅವತ್ತ ಕೊಡಾಕ ಬಂದಿದ್ದೆ."

ಒಂದಕ್ಷರ ಬಿಡದೆ ಡಾಕ್ಟರಿಗೆ ಹೇಳಿದೆ. ಆ ಅವತ್ತು ಏನಾಯಿತು ಅಂತಲೂ, ನಾನೇನು ಮಾಡಿದೆ ಅಂತಲೂ ಹೇಳಿದೆ. ಅವರು ತಲೆಯಾಡಿಸಿದರು. ಫೈಲು ಮುಚ್ಚುವಾಗ ಅವರು ಬರೆದದ್ದು ಇಂಗ್ಲಿಷಿನಲ್ಲಿ ಒಂದೇ ಸಾಲು: ರೋಗಿಯ ಕಡೆಯವರು ತಡವಾಗಿ ಬಂದರು.