ಇಮಾಮ್ ಸಾಬರ ಅಂಗಾಲು

ಇಮಾಮ್ ಸಾಬರು ರತ್ನಗಂಬಳಿಯನ್ನು ಕಾಲಿನಿಂದ ನೋಡುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒರೆಸಿಕೊಂಡು, ಕಣ್ಣು ಮುಚ್ಚಿ ಅದರ ಮೇಲೆ ಮೂಲೆಯಿಂದ ಮೂಲೆಗೆ ನಡೆಯುವರು. ನಿಂತ ನೀರಿನ ಮೇಲೆ ನಡೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಆಗ ನಾವೆಲ್ಲ ನಮ್ಮ ನಡುಮನೆಯ ಗೋಡೆಗೆ ಸರಿದು ನಿಲ್ಲುತ್ತಿದ್ದೆವು.

ವರ್ಷಕ್ಕೊಮ್ಮೆ ಹರಿಹರದಿಂದ ದಾವಣಗೆರೆಗೆ ಬಂದು, ಮಂಡಿಪೇಟೆಯ ವರ್ತಕರ ಮನೆಗಳ ಗಂಬಳಿಗಳನ್ನು ಶುಚಿಮಾಡುವುದು ಅವರ ಕಸುಬು.

"ಬಡಿದ್ರೆ ಧೂಳು ಹೋಗ್ತೈತೆ. ಬಿಸಿ ತೌಡು ಉಜ್ಜಿದ್ರೆ ಜಿಡ್ಡು ಹೋಗ್ತೈತೆ. ಅಂಟುವಾಳ ಹಾಕಿ ಹೊಳ್ಯಾಗ ತೊಳದ್ರೆ ಎಲ್ಲಾ ಹೋಗ್ತೈತೆ, ಬಣ್ಣ ಹೋದ್ರೂ ಹೋತು. ಅದಕ್ಕ ಹೊಳಿ ಕಡೀಗೆ," ಎನ್ನುವರು.

"ಬಡಿಯೋದೊಂದೇ ಸಾಕಲ್ರಿ ಸಾಬ್ರೆ," ಎಂದು ಅಪ್ಪ ಛೇಡಿಸುವರು.

"ನೀವು ಬರೇ ಮೈ ಕೊಡವಿಕೊಂಡು ಅಂಗಡಿಗೆ ಹೋಗ್ತೀರೇನ್ರಿ, ಯಜಮಾನ್ರೆ?"

ಕೆಲಸಕ್ಕೆ ಮೊದಲು ಅವರದು ಒಂದೇ ಪ್ರಶ್ನೆ: "ಮನ್ಯಾಗ ಏನಾರ ಹಚ್ಚೀರೇನು?"

ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಾಗ ನಾನು ಗಂಬಳಿಯ ಮೇಲೆ ಮಸಿ ಚೆಲ್ಲಿದೆ. ಸಾಬರು ಬರುವವರೆಗೆ ಮುಟ್ಟಬೇಡ ಎಂದು ಅಪ್ಪ ಹೇಳಿದ್ದರು. ಆದರೂ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಟ್ಟೆ ಸೋಡ ಹಾಕಿ ಉಜ್ಜಿದೆ. ಕಲೆ ಹೋಗಲಿಲ್ಲ. ಸಾಬರು ಕೇಳಿದಾಗ ಅಪ್ಪ ಪಕ್ಕದಲ್ಲೇ ಇದ್ದರು.

"ಏನೂ ಹಚ್ಚಿಲ್ಲ," ಎಂದೆ.

ಸಾಬರು ಕಲೆಯ ಮೇಲೆ ಇನ್ನೊಮ್ಮೆ ಕಾಲಿಟ್ಟರು. ನನ್ನ ಮುಖ ನೋಡಿದರು. ಆಮೇಲೆ ಗಂಬಳಿ ಸುತ್ತಿಕೊಂಡು ಹರಿಹರದ ಹೊಳೆಗೆ ಒಯ್ದರು.

ಅವರು ಮರಳಿ ತಂದು ಬಿಚ್ಚಿದಾಗ ಮಸಿ ಬಿದ್ದ ಕಡೆಯ ಕೆಂಪು ಹೂಗಳ ಬಣ್ಣವೆಲ್ಲ ಬಿಳಿಯ ಅಂಚಿನೊಳಕ್ಕೆ ಹರಡಿತ್ತು. "ನನ್ನ ಕೈ ತಪ್ಪೈತ್ರಿ," ಎಂದಷ್ಟೇ ಹೇಳಿದರು. ಮಾತು ಅಂಗಡಿಯಿಂದ ಅಂಗಡಿಗೆ ಹೋಯಿತು. ಮರುವರ್ಷ ಮಂಡಿಪೇಟೆಯಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ಮನೆಯಲ್ಲಿ ಆ ಮಾತು ಬಂದಾಗ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಪದವಿ ಮುಗಿದ ಮೇಲೆ ಒಬ್ಬಳೇ ಹರಿಹರಕ್ಕೆ ಹೋದೆ. ಹೊಳೆಯ ಬಂಡೆಗಳ ಮೇಲೆ ಎರಡು ಹಳೆಯ ಗಂಬಳಿಗಳು ಒಣಗುತ್ತಿದ್ದವು. ಅವುಗಳ ಬಣ್ಣದ ಬಿಂಬ ನೀರಿನಲ್ಲಿ ಅಲುಗುತ್ತಿತ್ತು. ಸಾಬರು ಕಲ್ಲಿನ ಮೇಲೆ ಕೂತು ಅಂಟುವಾಳದ ಬೀಜ ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ.

"ಗೊತ್ತೈತ್ರಿ ಅಮ್ಮಾ. ನೀರಿಗೆ ಇಳಿಸಿದ ಕೂಡ್ಲೆ ಕೈಯಾಗ ಜಾರಿತು. ಸೋಡ. ಅದು ತಾಗಿದ ಬಣ್ಣ ನೀರಾಗ ನಿಲ್ಲಂಗಿಲ್ಲ."

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಕಾಲು ಮೊದ್ಲೇ ಹೇಳಿತ್ತು, ಇಲ್ಲೇನೋ ಐತೆ ಅಂತ. ಕಾಲಿನ ಮಾತು ಬಿಟ್ಟು ನಿಮ್ಮ ಮಾತು ಕೇಳಿದೆ. ತಪ್ಪು ನಂದೇ ಅಲ್ಲೇನ್ರಿ?" ನಕ್ಕು, ಕೂರಲು ಬಂಡೆ ಒರೆಸಿಕೊಟ್ಟರು.

ಅಂದು ಸಂಜೆ ಅಪ್ಪನಿಗೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಮರುದಿನ ಅಂಗಡಿ ಅಂಗಡಿಗೂ ಹೋಗಿ ತಾವೇ ನಿಜ ಹೇಳಿಬಂದರು. ನಾಲ್ಕು ಮನೆಗಳಿಂದ ಹರಿಹರಕ್ಕೆ ಕರೆ ಹೋಯಿತು. ಸಾಬರು ಬರಲಿಲ್ಲ. ಅವರ ಮಗಳು ಹೇಳಿಕಳಿಸಿದಳು: "ಅಬ್ಬಾಗೆ ಕಾಲು ಜೋಮು ಹಿಡದೈತೆ. ನೆಲ ಯಾವುದು, ಗಂಬಳಿ ಯಾವುದು ಅಂತ ಈಗ ತಿಳಿಯವಲ್ದಂತೆ. ತಿಳೀದೆ ಕೆಲಸ ಮಾಡೋದು ಬ್ಯಾಡ ಅಂತಾರೆ."

ಆ ಗಂಬಳಿ ಇನ್ನೂ ನಡುಮನೆಯಲ್ಲಿದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕಣ್ಣು ಮುಚ್ಚಿ ಅದರ ಮೇಲೆ ನಡೆಯುತ್ತೇನೆ. ಸೋಡ ಹಾಕಿದ ಕಡೆ ಉಣ್ಣೆ ಸ್ವಲ್ಪ ಒರಟಾಗಿದೆ. ಕಾಲಿಗೆ ಗೊತ್ತಾಗುತ್ತದೆ.