ಬಕೆಟ್ಟಿಗೆ ಹಾಕಿದ ಗಡ್ಡೆ

ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ಸುಗುಣಳದು ಇಪ್ಪತ್ತೆರಡು ವರ್ಷದ ಕೆಲಸ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುತ್ತಾಳೆ. ಅದನ್ನು ನೋಡಿ ರೋಗ ಯಾವುದೆಂದು ಹೇಳುವವರು ಡಾಕ್ಟರ್ ಸ್ನೇಹಲತಾ.

ಹೆಮ್ಮಾಡಿಯಲ್ಲಿ ಹೋಟೆಲ್ ನಡೆಸುವ ಸುಗುಣಳ ಅಣ್ಣ ರಾಜೀವನಿಗೆ ಬಲಗಿವಿಯ ಕೆಳಗೆ, ಜೊಲ್ಲಿನ ಗ್ರಂಥಿ ಇರುವಲ್ಲಿ, ಗಡ್ಡೆ ಮತ್ತೆ ಎದ್ದಿತು. ಈ ಸಲ ನೋವಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು, ಚಾ ಕುಡಿದರೆ ತುಟಿಯಿಂದ ಸೋರುತ್ತಿತ್ತು. ಎರಡು ವರ್ಷದ ಹಿಂದೆ ತಂಗಿಗೂ ಹೇಳದೆ ಒಂದು ನರ್ಸಿಂಗ್ ಹೋಮಿನಲ್ಲಿ ಅದನ್ನು ತೆಗೆಸಿದ್ದ. ಆಗಿನ ರಿಪೋರ್ಟ್ ಎಲ್ಲಿ ಎಂದು ಅವಳು ಕೇಳಿದಳು. ರಿಪೋರ್ಟ್ ಇಲ್ಲ, ಕೊಬ್ಬಿನ ಗಂಟು ಅಂದಿದ್ದರು ಎಂದ.

ಅವಳು ಅದೇ ದಿನ ಆ ನರ್ಸಿಂಗ್ ಹೋಮಿಗೆ ಹೋದಳು. ಪರೀಕ್ಷೆಗೆ ಯಾಕೆ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ ಅಲ್ಲಿನ ಡಾಕ್ಟರು, ಸಣ್ಣ ಗಂಟು, ನೋಡಿದರೇ ಗೊತ್ತಾಗುತ್ತಿತ್ತು, ಕಸದ ಬಕೆಟ್ಟಿಗೆ ಹಾಕಿದೆವು ಎಂದರು.

"ಜೊಲ್ಲಿನ ಗ್ರಂಥಿ ಗಡ್ಡೆಯಗೆ ಮೂವತ್ತಕ್ಕಿಂತ ಹೆಚ್ಚ್ ನಮೂನಿ ಇತ್ತ್. ಮೈಕ್ರೋಸ್ಕೋಪಗೆ ಕಂಡ್ರೂ ಒಂದಕ್ಕೊಂದ್ ಹೋಲ್ತ್. ನೀವ್ ಬರಿಗಣ್ಣಗೆ ಹ್ಯಾಂಗೆ ಕಂಡ್ರಿ?" ಎಂದಳು ಸುಗುಣ.

ಹೊರಗೆ ಪೇಷಂಟುಗಳು ಕಾಯುತ್ತಿದ್ದಾರೆ ಎಂದು ಡಾಕ್ಟರು ಬೆಲ್ ಒತ್ತಿದರು. ಅವಳ ಮೈ ಉರಿಯಿತು.

ಹೊಸ ಗಡ್ಡೆಯಿಂದ ಪರೀಕ್ಷೆಗೆ ತೆಗೆದ ತುಣುಕು ಅವಳ ಲ್ಯಾಬಿಗೇ ಬಂತು, ಗಾಜಿಗೆ ಅವಳೇ ಕೊಯ್ದು ಕೂರಿಸಿದಳು. ಗಾಜಿನಲ್ಲಿ ಜರಡಿಯ ಹಾಗೆ ದುಂಡು ದುಂಡು ತೂತುಗಳು ಕಂಡವು. ಜೀವಕೋಶಗಳು ಒಂದು ನರವನ್ನು ಸುತ್ತುಗಟ್ಟಿದ್ದವು. ಈ ಗ್ರಂಥಿಯಲ್ಲಿ ಹೆಚ್ಚಾಗಿ ಬರುವುದು ಕ್ಯಾನ್ಸರ್ ಅಲ್ಲದ ಗಡ್ಡೆ, ಆದರೆ ಇದು ನರದ ಗುಂಟ ನಿಧಾನಕ್ಕೆ ಹರಿಯುವ ಕ್ಯಾನ್ಸರ್ ಎಂದರು ಸ್ನೇಹಲತಾ. ಮೊದಲ ಸಲವೇ ಗೊತ್ತಾಗಿದ್ದರೆ ಮುಖ ಆಡಿಸುವ ಆ ನರ ಉಳಿಯುತ್ತಿತ್ತೋ ಏನೋ ಎಂದೂ ಹೇಳಿದರು.

ದೊಡ್ಡ ಆಸ್ಪತ್ರೆಯಲ್ಲಿ ನರ ಸಮೇತ ಗಡ್ಡೆ ತೆಗೆದರು, ರೇಡಿಯೇಷನ್ ಕೊಟ್ಟರು. ರಾಜೀವ ಬದುಕಿದ. ಬಲಗಣ್ಣು ಮುಚ್ಚುವುದಿಲ್ಲ. ಗಿರಾಕಿಗಳಿಗೆ ಎಡಗೆನ್ನೆ ತಿರುಗಿಸಿ ಕೂರುತ್ತಾನೆ.

ಸುಗುಣ ನರ್ಸಿಂಗ್ ಹೋಮಿನ ಡಾಕ್ಟರರ ಮೇಲೆ ವೈದ್ಯಕೀಯ ಮಂಡಳಿಗೆ ದೂರು ಬರೆದಳು. ಡಾಕ್ಟರು ಗುರ್ತದವರು, ಬಿಟ್ಟುಬಿಡು ಎಂದ ರಾಜೀವ.

"ಅಣ್ಣ, ನಿನ್ ಮುಖ ನೀನ್ ಕನ್ನಡಿಯಗೆ ಕಾಂತಿಲ್ಯಾ?" ಎಂದು ಅವನ ಮೇಲೂ ರೇಗಿದಳು.

ವಿಚಾರಣೆಯಾಗಿ ಡಾಕ್ಟರರಿಗೆ ಒಂದು ಎಚ್ಚರಿಕೆ ಪತ್ರ ಬಂತು, ಅಷ್ಟೇ. ಈಗ ಆ ನರ್ಸಿಂಗ್ ಹೋಮಿನಿಂದಲೂ ಗಡ್ಡೆಯ ಬಾಟಲಿಗಳು ಲ್ಯಾಬಿಗೆ ಬರುತ್ತವೆ. ಮೈಯ ಯಾವ ಭಾಗದಿಂದ ತೆಗೆದದ್ದು ಎಂದು ಬರೆದಿರದಿದ್ದರೆ ಸುಗುಣ ಫೋನ್ ಮಾಡಿ, ಡಾಕ್ಟರರೇ ಬಂದು ಉತ್ತರಿಸುವವರೆಗೆ ಇಡುವುದಿಲ್ಲ.