ಬೆವರದ ಜೆರ್ಸಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ಕಾಯಿಲೆಯೂ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಬೆನ್ನು ನೋವೂ ಇಲ್ಲ. ಮೂವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಕೂತವನಿಗೆ ಅದೊಂದಾದರೂ ಇರಬೇಕಿತ್ತು. ಆದರೂ ಈಚೆಗೆ ಕೆಲವು ವಾರ ಅಂಗಡಿಗೆ ಬಂದವರೆಲ್ಲ ಅಳತೆ ಕೊಡುವ ಮೊದಲು ನನ್ನ ಮುಖವನ್ನೇ ಅಳೆಯುತ್ತಿದ್ದರು. ಔಷಧಿ ಅಂಗಡಿಯವನು ತಾನಾಗಿಯೇ ಬಂದು, "ಏನು ಬೇಕಾದ್ರೂ ಸಂಕೋಚ ಪಡಬೇಡಿ" ಎಂದು ಹೇಳಿ ಹೋದ. ಪಕ್ಕದ ಬೀಗ ರಿಪೇರಿಯವನು ಹತ್ತಿರ ಬಂದು, "ಯಾವ ಭಾಗಕ್ಕೆ ಬಂದಿರೋದು?" ಎಂದು ಪಿಸುಗುಟ್ಟಿದ. "ಬಾಯಿಗೆ" ಎಂದೆ. ಪಾಪ, ನಂಬಿದ.

ಈ ಕಾಯಿಲೆಯನ್ನು ನನಗೆ ಅಂಟಿಸಿದ್ದು ಒಂದು ಕಾಲೇಜು. ನನ್ನ ಹೆಂಡತಿಯನ್ನು ಕೆಲಸದಿಂದ ತೆಗೆಯಲು ಅವರಿಗೆ ಒಂದು ಕಾರಣ ಬೇಕಿತ್ತು, ನಾನು ಸಿಕ್ಕಿದೆ.

ಅವಳು ಆ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಇಪ್ಪತ್ತಾರು ವರ್ಷ ಕೋಚ್ ಆಗಿದ್ದಳು. ಇಪ್ಪತ್ತಾರು ವರ್ಷವೂ ತಾತ್ಕಾಲಿಕ. ಮದುವೆಯಾದಾಗ ತಾತ್ಕಾಲಿಕ, ಮಗಳು ಹುಟ್ಟಿದಾಗ ತಾತ್ಕಾಲಿಕ. ಆ ಮಗಳು ಓದು ಮುಗಿಸಿ ಬ್ಯಾಂಕಿಗೆ ಸೇರಿ ಆರೇ ತಿಂಗಳಲ್ಲಿ ಖಾಯಂ ಆದಳು, ತಾಯಿ ಆಗಲೂ ತಾತ್ಕಾಲಿಕ. ಇದನ್ನು ಎತ್ತಿದರೆ ಅವಳು ನಕ್ಕುಬಿಡುತ್ತಿದ್ದಳು. ಅವಳಿಗೆ ಕೋಪ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಇಬ್ಬರ ಪಾಲಿನ ಕೋಪವನ್ನೂ ನಾನೇ ಮಾಡಬೇಕು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನನ್ನ ದವಡೆ ಇನ್ನೂ ಗಟ್ಟಿಯಾಗಿದೆ.

ಅವಳು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ದೂರು ಹೇಳಲು. ಆ ವರ್ಷದ ಜೆರ್ಸಿಗಳನ್ನು ನಾನು ಹೊಲಿದಿದ್ದೆ. ಅದರಲ್ಲೊಂದನ್ನು ಅಂಗಿಯ ಮೇಲೆ ತೊಟ್ಟುಕೊಂಡು ಬಂದವಳೇ ಎರಡೂ ಕೈ ಮೇಲೆತ್ತಿ ನಿಂತಳು. ಕಂಕುಳಲ್ಲಿ ಬಟ್ಟೆ ಹಿಡಿದು ಜೆರ್ಸಿ ಅರ್ಧ ಹೊಟ್ಟೆಗೆ ಏರಿತು.

"ಇಲ್ಲಿ ಹೆಂಗಸರು ಕೈ ಎತ್ತೋದೇ ಇಲ್ವಾ?" ಎಂದು ತಣ್ಣಗೆ ಕೇಳಿದಳು.

ನಾನು ಅಲ್ಲಿಯವರೆಗೆ ಹೊಲಿದದ್ದೆಲ್ಲ ಕೈ ಇಳಿಬಿಟ್ಟುಕೊಂಡ ಹೆಂಗಸರಿಗೇ ಎಂಬುದು ಆಗ ಹೊಳೆಯಿತು. ಅಷ್ಟನ್ನೂ ಬಿಚ್ಚಿ ಕಂಕುಳ ಅಗಲ ಮಾಡಿಕೊಟ್ಟೆ. ಮರುವರ್ಷ ಮದುವೆಯಾದೆವು. ತಂಡದ ಜೆರ್ಸಿ ಹೊಲಿಯುವ ಕೆಲಸ ಅಂದಿನಿಂದ ನನ್ನದೇ, ಪಂದ್ಯ ಮುಗಿದ ಮೇಲೆ ಅವುಗಳ ಮೂಟೆ ಬಂದು ಬೀಳುವುದೂ ನಮ್ಮಲ್ಲೇ. ಅವಳು ಒಗೆಯುತ್ತಾಳೆ, ನಾನು ಹರಿದದ್ದನ್ನು ಹೊಲಿದು ಇಸ್ತ್ರಿ ಹಾಕುತ್ತೇನೆ.

ಅವಳ ಕೋರ್ಟಿಗೆ ಹೋಗಿ ನೋಡಬೇಕು. ಸಿಮೆಂಟು ಅಲ್ಲಲ್ಲಿ ಬಿರಿದಿದೆ, ಒಂದು ಕಡೆಯ ರಿಂಗಿಗೆ ಬಲೆಯೇ ಇಲ್ಲ. ಬೆಳಿಗ್ಗೆ ಹುಡುಗಿಯರು ಬರುವ ಮೊದಲೇ ಹೋಗಿ ಪೊರಕೆ ಹಿಡಿಯುತ್ತಾಳೆ, ಮರಳಿದ್ದರೆ ಕಾಲು ಜಾರುತ್ತದಂತೆ. ಸೀಟಿ ಕೊರಳಲ್ಲಿರುತ್ತದೆ, ಊದುವುದು ಅಪರೂಪ. ಹುಡುಗಿಯರು ಇವಳ ಹುಬ್ಬು ನೋಡಿಕೊಂಡೇ ಆಡುತ್ತಾರೆ. ಅವಳಿಗಿದ್ದದ್ದು ಒಂದೇ ಒಂದು ಕಟ್ಟುನಿಟ್ಟು: ಬೆವರದ ಜೆರ್ಸಿ ಮನೆಗೆ ಬರಕೂಡದು. ತಂಡದಲ್ಲಿ ಹನ್ನೆರಡು ಜನ, ಕೋರ್ಟಿನಲ್ಲಿ ಆಡುವುದು ಐವರು. ಉಳಿದ ಏಳು ಜನರನ್ನೂ ಅವಳು ಪ್ರತಿ ಪಂದ್ಯದಲ್ಲೂ ಸ್ವಲ್ಪ ಹೊತ್ತಾದರೂ ಇಳಿಸಿಯೇ ಇಳಿಸುತ್ತಾಳೆ. ಗೆಲ್ಲುತ್ತಿರಲಿ, ಸೋಲುತ್ತಿರಲಿ.

"ವರ್ಷವಿಡೀ ಬಂದು ಓಡಿದವಳನ್ನ ಕುರ್ಚಿ ಬಿಸಿ ಮಾಡೋಕೆ ಕರ್ಕೊಂಡು ಹೋಗ್ಲಾ?" ಎನ್ನುತ್ತಿದ್ದಳು.

ಈ ಮಾತೇ ಅವಳಿಗೆ ಮುಳುವಾಯಿತು. ಹೋದ ವರ್ಷ ತಂಡ ಫೈನಲ್ ಮುಟ್ಟಿತು. ತಂಡದಲ್ಲಿ ಒಬ್ಬ ನಿಧಾನದ ಹುಡುಗಿ, ಗೆಳತಿಯರು ಅವಳಿಗೆ ಬಸವನಹುಳು ಎಂದು ಹೆಸರಿಟ್ಟಿದ್ದರು. ಒಂದು ದಿನವೂ ತಪ್ಪಿಸದೆ ಅಭ್ಯಾಸಕ್ಕೆ ಬರುವವಳು, ಚೆಂಡು ಬಂದಾಗ ಮಾತ್ರ ಅರ್ಧ ನಿಮಿಷ ಯೋಚಿಸುವವಳು. ಅವಳನ್ನು ಇಳಿಸುವುದು ಬಾಕಿ ಇತ್ತು, ಆಟ ಮುಗಿಯಲು ಬಂದಿತ್ತು. ನನ್ನ ಹೆಂಡತಿ ಇಳಿಸಿದಳು. ಬಸವನಹುಳು ಕೈಗೆ ಬಂದ ಚೆಂಡನ್ನು ಬಿಟ್ಟಳು, ಎದುರಿನವರು ಎತ್ತಿಕೊಂಡು ಹೋಗಿ ಬುಟ್ಟಿಗೆ ಹಾಕಿದರು, ಕಪ್ ಅವರ ಪಾಲಾಯಿತು. ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರು ಅತಿಥಿಗಳ ಪಕ್ಕದಲ್ಲಿ ಕೂತು ಇದನ್ನೆಲ್ಲ ಕಣ್ಣಾರೆ ಕಂಡರು. ಕಪ್ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳಲು ಕೋಟು ಬೇರೆ ತೊಟ್ಟುಕೊಂಡು ಬಂದಿದ್ದರು. ಆ ಕೋಟು ಹೊಲಿದವನೂ ನಾನೇ, ಏನು ಮಾಡಲಿ.

ಆದರೆ ಅವರು ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ. ಬದಲಿಗೆ ಈ ವರ್ಷ ಒಂದು ದಿನ ಕರೆದು, "ಮೇಡಂ, ನಿಮಗೊಬ್ಬ ಅಸಿಸ್ಟೆಂಟ್ ಬೇಕು ಅಂತಿದ್ರಲ್ಲ, ಮೂವರು ಅರ್ಜಿ ಹಾಕಿದ್ದಾರೆ, ನೀವೇ ಆರಿಸಿ" ಎಂದರು. ಇವಳು ಅಸಿಸ್ಟೆಂಟ್ ಬೇಕೆಂದು ಕೇಳಲು ಶುರು ಮಾಡಿ ಹತ್ತು ವರ್ಷ ದಾಟಿತ್ತು. ಆ ದಿನ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಮೂವರಿಂದಲೂ ಒಂದೊಂದು ದಿನ ಅಭ್ಯಾಸ ಮಾಡಿಸಿದಳು. ಇಬ್ಬರು ಸೀಟಿ ಊದಿ ಕಿರುಚಿದರಂತೆ. ಮೂರನೆಯವನು, ಆರಡಿ ಎತ್ತರದ ಹುಡುಗ, ಮೊದಲು ಎಲ್ಲರ ಹೆಸರು ಕೇಳಿ ತಿಳಿದುಕೊಂಡನಂತೆ.

"ಇವನೇ ಸರಿ ರೀ. ಇವನಿಗೆ ಕಲಿಸಬಹುದು" ಎಂದಳು.

ವಾರದ ಮೇಲೆ ಆ ಆರಡಿ ನನ್ನ ಅಂಗಡಿಗೆ ಬಂದ, ಟ್ರ್ಯಾಕ್‌ಸೂಟಿಗೆ ಅಳತೆ ಕೊಡಲು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಎದೆಗೆ ಟೇಪು ಸುತ್ತುತ್ತಾ, "ಬೆನ್ನ ಮೇಲೆ ಅಸಿಸ್ಟೆಂಟ್ ಕೋಚ್ ಅಂತ ತಾನೇ?" ಎಂದು ಕೇಳಿದೆ.

"ಇಲ್ಲ ಅಣ್ಣ, ಬರೀ ಕೋಚ್ ಅಂತ ಹಾಕಿ. ಮೇಡಂ ಈ ತಿಂಗಳಿಗೆ ಬಿಡ್ತಾರಂತೆ. ಅವರೇ ನನ್ನನ್ನ ಆರಿಸಿದ್ದು, ದೊಡ್ಡ ಮನಸ್ಸು ಅವರದ್ದು."

ಟೇಪು ನನ್ನ ಕೈಯಲ್ಲಿ ಹಾಗೇ ಬಿಗಿಯಿತು. ಹುಡುಗ ಕೆಮ್ಮಿದ. ಅವನ ತಪ್ಪೇನೂ ಇರಲಿಲ್ಲ, ಅವನಿಗೆ ಹೇಳಿದ್ದನ್ನು ಅವನು ನಂಬಿದ್ದ. ಆದರೆ ಅವಳ ಕೈಯಿಂದಲೇ ಅವಳ ಕಾಲ ಮೇಲೆ ಕಲ್ಲು ಹಾಕಿಸಿದರಲ್ಲ, ಆ ಬುದ್ಧಿಗೆ ನನಗೆ ಮೈಯೆಲ್ಲ ಉರಿಯಿತು. ಕೆಲಸ ಕಿತ್ತುಕೊಳ್ಳುವವರು ನೇರ ಮುಖ ನೋಡಿ ಕಿತ್ತುಕೊಳ್ಳಲಿ. ಬದಲಿ ಆಳನ್ನು ನೀನೇ ಹುಡುಕಿ ಕೊಟ್ಟು ಹೋಗು ಎಂದು, ಅದನ್ನೂ ಅವಳಿಗೆ ತಿಳಿಸದೆ ಮಾಡುವುದೇ?

ಅಂಗಡಿ ಬಾಗಿಲು ಎಳೆದು ಸೀದಾ ಮನೆಗೆ ಹೋಗಿ ಹೇಳಿದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಮರುದಿನ ಪ್ರಿನ್ಸಿಪಾಲರನ್ನು ಕಂಡು ಬಂದಳು. "ನಿಮ್ಮನ್ನ ತೆಗೆದಿಲ್ಲ ಮೇಡಂ, ವಿಶ್ರಾಂತಿ ಕೊಟ್ಟಿದ್ದೀವಿ" ಎಂದರಂತೆ. ಅಳಿಯ ಅಲ್ಲ, ಮಗಳ ಗಂಡ. ಮೇಲಾಗಿ, ಗಲಾಟೆಯಾದರೆ ಆಡಳಿತ ಮಂಡಳಿಯವರು ತಂಡವನ್ನೇ ನಿಲ್ಲಿಸಬಹುದು ಎಂದೂ ಮೆಲ್ಲಗೆ ಸೇರಿಸಿದರಂತೆ.

"ನಾನು ಹೋಗಿ ಅವರ ಕೋಟಿನ ಹೊಲಿಗೆ ಬಿಚ್ಚಿ ಬರ್ತೀನಿ" ಎಂದೆ.

"ಸುಮ್ನಿರಿ. ಟೂರ್ನಮೆಂಟ್ ಹತ್ತಿರ ಬಂತು. ನಾವು ಜಗಳ ತೆಗೆದ್ರೆ ಪೆಟ್ಟು ಬೀಳೋದು ಹುಡುಗಿಯರಿಗೆ. ಅವರು ಆಡಲಿ ರೀ, ಅಷ್ಟು ಸಾಕು."

ಸುಮ್ಮನಿದ್ದೆ. ಬೀಳ್ಕೊಡುಗೆಗೂ ಹೋದೆ. ಮೊದಲ ಸಾಲಿನಲ್ಲಿ ಕೂತು ಎರಡನೇ ಪ್ಲೇಟು ಬಿಸ್ಕತ್ತು ಮುಗಿಸುತ್ತಿದ್ದಾಗ ಪ್ರಿನ್ಸಿಪಾಲರು ಮೈಕು ಹಿಡಿದರು.

"ಮೇಡಂ ಅವರ ಯಜಮಾನರ ಆರೋಗ್ಯ ತೀರಾ ಹದಗೆಟ್ಟಿದೆ. ಪತಿಯ ಆರೈಕೆಗಾಗಿ ಅವರು ತಾವಾಗಿಯೇ ಈ ಹುದ್ದೆಯನ್ನು ಬಿಡುತ್ತಿದ್ದಾರೆ. ಯಜಮಾನರು ಬೇಗ ಗುಣವಾಗಲಿ, ಮೇಡಂ ಮತ್ತೆ ನಮ್ಮಲ್ಲಿಗೆ ಬರುವಂತಾಗಲಿ ಎಂದು ಹಾರೈಸೋಣ."

ಸಭೆಯೆಲ್ಲ ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿತು. ನನ್ನ ಬಾಯಲ್ಲಿ ಬಿಸ್ಕತ್ತು. ಆಫೀಸಿನ ಗುಮಾಸ್ತೆ ಕಣ್ಣೊರೆಸಿಕೊಂಡಳು. ನಾನು ಎದ್ದೇ ಬಿಟ್ಟಿದ್ದೆ. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ಹೆಂಡತಿ ಹುಬ್ಬು ಎತ್ತಿದಳು, ತಂಡದ ಹುಡುಗಿಯರಿಗೆ ಎತ್ತುವ ಅದೇ ಹುಬ್ಬು. ಕೂತೆ. ಎದ್ದು ಕೂತದ್ದನ್ನು ನೋಡಿದವರು, ಪಾಪ, ನಿಲ್ಲೋಕೂ ಆಗಲ್ಲ ಅಂದುಕೊಂಡರಂತೆ. ಕೊನೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಮನೆಗೆ ತಂದು ನೋಡಿದರೆ ಅದಕ್ಕೆ ಸೆಲ್ ಹಾಕಿರಲಿಲ್ಲ.

ಆಮೇಲಿನ ದಿನಗಳನ್ನು ನಾನು ಮರೆಯುವುದಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗಿ ಅವಳು ಮನೆಯ ಮುಂದಿನ ರಸ್ತೆಯನ್ನು ಗುಡಿಸುತ್ತಿದ್ದಳು. ನಮ್ಮ ಬಾಗಿಲಿನಷ್ಟಲ್ಲ, ಬೀದಿಯ ತಿರುವಿನವರೆಗೂ. ಟೂರ್ನಮೆಂಟಿನ ಮೊದಲ ಪಂದ್ಯಕ್ಕೆ ಬಾ ಎಂದು ಕರೆದೆ, ಬರಲಿಲ್ಲ. ತಂಡ ಗೆದ್ದಿತು, ಅದೂ ಎದುರಿನವರು ಎದ್ದೇಳದ ಹಾಗೆ. ಸುದ್ದಿ ಕೇಳಿ ಅವಳಿಗೆ ನಿಜಕ್ಕೂ ಸಂತೋಷವಾಯಿತು. ನನಗೆ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮರುದಿನ ಬಸವನಹುಳು ಎಂದಿನಂತೆ ಜೆರ್ಸಿಗಳ ಮೂಟೆ ಹೊತ್ತು ಅಂಗಡಿಗೆ ಬಂದಳು. ಕೋಚ್ ಬದಲಾದರೂ ಮೂಟೆಗೆ ಇನ್ನೊಂದು ವಿಳಾಸ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ಊಟದ ಡಬ್ಬಿ ಕೊಡಲು ಬಂದವಳು ಅಲ್ಲೇ ಇದ್ದಳು. ಮೂಟೆ ಬಿಚ್ಚಿ ಒಂದೊಂದೇ ಎತ್ತಿ ಮೂಸಿ ಬೇರೆ ಮಾಡತೊಡಗಿದಳು, ಅದು ಅವಳ ರೂಢಿ. ಏಳು ಜೆರ್ಸಿ ಬೆವರಿಗೆ ಉಪ್ಪುಗಟ್ಟಿದ್ದವು. ಉಳಿದ ಐದರಲ್ಲಿ ನಾನು ಹಾಕಿದ ಇಸ್ತ್ರಿಯ ಗೆರೆ ಹಾಗೇ ಇತ್ತು.

ಅವಳು ಆ ಐದನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ನಿನ್ನನ್ನ ಇಳಿಸಲಿಲ್ವಾ?"

"ಇಲ್ಲ ಮಿಸ್. ಸರ್ ಇಳಿಸ್ತೀನಿ ಅಂದಿದ್ರು. ಪ್ರಿನ್ಸಿಪಾಲ್ ಸರ್ ಬೇಡ ಅಂದ್ರಂತೆ." ಹುಡುಗಿ ಖಾಲಿ ಚೀಲ ಮಡಚುತ್ತಾ, "ಪರವಾಗಿಲ್ಲ ಮಿಸ್, ನನ್ನಿಂದ ತಾನೇ ನೀವು ಹೋಗಿದ್ದು" ಎಂದಳು.

ಹುಡುಗಿ ಹೋದ ಮೇಲೆ ನನ್ನ ಹೆಂಡತಿಯ ಮುಖ ನೋಡಿದೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಆ ಮುಖದ ಗುರುತೇ ನನಗೆ ಸಿಗಲಿಲ್ಲ. ಕಿವಿಯವರೆಗೆ ಕೆಂಪಾಗಿತ್ತು.

"ಗೆದ್ದ ಆಟದಲ್ಲೂ ಕೂರಿಸಿದ್ದಾರೆ" ಎಂದಳು. "ಆ ಮಗು ತಲೆಗೆ ಅದೊಂದು ಬೇರೆ ತುಂಬಿದ್ದಾರೆ. ನಾನು ಬಾಯಿ ಮುಚ್ಕೊಂಡಿದ್ದು ಇದಕ್ಕಲ್ಲ ರೀ." ಎದ್ದು ನಿಂತಳು. "ನಡೀರಿ. ನಿಮಗೆ ಹುಷಾರಾಯ್ತು."

ಮನೆಗೆ ಹೋಗಿ ಹಳೇ ಟ್ರ್ಯಾಕ್‌ಸೂಟು ತೊಟ್ಟಳು. ನಾನು ಸಾಕ್ಷಿಗೆಂದು ಜೊತೆಗೆ ಹೋದೆ. ಕಾಲೇಜಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ, ನೋಡುವವರು ನೋಡಲಿ ಎಂದೇ. ಪ್ರಿನ್ಸಿಪಾಲರ ಕೋಣೆಯಲ್ಲಿ ನಾಲ್ಕಾರು ಮೇಷ್ಟರು ಕೂತಿದ್ದರು, ಕಣ್ಣೊರೆಸಿಕೊಂಡ ಗುಮಾಸ್ತೆಯೂ ಇದ್ದಳು.

"ಸರ್, ನಮ್ಮವರಿಗೆ ಗುಣ ಆಯ್ತು. ನಿಮ್ಮ ಹಾರೈಕೆ. ಕೆಲಸಕ್ಕೆ ಬಂದಿದ್ದೀನಿ" ಎಂದಳು.

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಎದೆಯುಬ್ಬಿಸಿ ನಿಂತೆ.

"ಸಂತೋಷ ಮೇಡಂ. ಆದರೆ ಆ ಜಾಗಕ್ಕೆ ಈಗ ಬೇರೆಯವರು ಬಂದಾಗಿದೆಯಲ್ಲ."

"ಅಸಿಸ್ಟೆಂಟ್ ಜಾಗ ಖಾಲಿ ಇದೆಯಲ್ಲ ಸರ್. ಹತ್ತು ವರ್ಷದಿಂದ ಖಾಲಿ ಇದೆ, ನನಗೆ ಚೆನ್ನಾಗಿ ಗೊತ್ತು. ಅದನ್ನೇ ಕೊಡಿ."

"ಮಂಡಳಿಯವರನ್ನ ಒಂದು ಮಾತು ಕೇಳ್ಬೇಕು..."

"ಕೇಳಿ. ಅಲ್ಲಿವರೆಗೆ, ಯಾಕೆ ಬಿಟ್ರಿ ಅಂತ ಜನ ಕೇಳಿದ್ರೆ ನಾನು ಏನು ಹೇಳ್ಲಿ? ಗಂಡನಿಗೆ ಕಾಯಿಲೆ ಅನ್ನೋ ಹಾಗಿಲ್ಲ, ಇಲ್ಲೇ ಗಟ್ಟಿಮುಟ್ಟಾಗಿ ನಿಂತಿದ್ದಾರೆ. ನಿಜಾನೇ ಹೇಳ್ಬೇಕಾಗುತ್ತೆ."

ಮೇಷ್ಟರೊಬ್ಬರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ಗುಮಾಸ್ತೆ ಮಾತ್ರ ಪ್ರಿನ್ಸಿಪಾಲರ ಮುಖವನ್ನೇ ನೋಡುತ್ತಿದ್ದಳು. ಅವರು ಲೋಟದ ನೀರು ಕುಡಿದು, "ಆಗಲಿ" ಎಂದರು.

ಕೆಳಗೆ ಕೋರ್ಟಿನಲ್ಲಿ ಆರಡಿ ಇವಳನ್ನು ಕಂಡವನೇ ಕುರ್ಚಿ ಬಿಟ್ಟೆದ್ದ. "ಕೂತ್ಕೋ ಮಗಾ" ಎಂದು ಇವಳು ಬೆಂಚಿನಲ್ಲಿದ್ದ ಐವರ ನಡುವೆ ಹೋಗಿ ಕೂತಳು. ಮುಂದಿನ ಪಂದ್ಯದಲ್ಲಿ ಯಾರನ್ನು ಯಾವಾಗ ಇಳಿಸಬೇಕೆಂದು ಆರಡಿ ಪ್ರಿನ್ಸಿಪಾಲರ ಕಡೆ ನೋಡಲಿಲ್ಲ, ಬೆಂಚಿನ ಕಡೆ ತಿರುಗಿ ಒಂದು ಹುಬ್ಬನ್ನು ನೋಡಿದ. ಮೂಟೆ ಬಂದಾಗ ಹನ್ನೆರಡೂ ಜೆರ್ಸಿ ಗಬ್ಬುನಾತ ಹೊಡೆಯುತ್ತಿದ್ದವು. ಮೂಗು ಮುಚ್ಚಿಕೊಂಡು ಬಿಚ್ಚಿದೆ. ಹೊಟ್ಟೆ ತಣ್ಣಗಾಯಿತು.

ಆದರೆ ಕೋಪ ಇಳಿದಿಲ್ಲ. ಯಾಕೆ ಇಳಿಯಬೇಕು? ಇಪ್ಪತ್ತಾರು ವರ್ಷದ ಕೋಚು ತಾನು ಆರಿಸಿದ ಹುಡುಗನ ಕೈಕೆಳಗೆ, ಅದೂ ತಾತ್ಕಾಲಿಕ. ಹೋದ ವಾರ ಕಾಲೇಜಿನಿಂದ ಹೇಳಿಕಳಿಸಿದರು, ಮೇಡಂ ಅವರ ಟ್ರ್ಯಾಕ್‌ಸೂಟಿನ ಬೆನ್ನಿಗೆ "ಅಸಿಸ್ಟೆಂಟ್" ಎಂಬ ಪಟ್ಟಿ ಕೂರಿಸಬೇಕಂತೆ. ನಾನು ಆಗುವುದಿಲ್ಲ ಎಂದು ಕೂಗಾಡಿದೆ.

"ಹೊಲೀರಿ, ಇರಲಿ" ಎಂದಳು.

ಹೊಲಿದೆ. ಮಿಷನ್ನಿಗೆ ಹಾಕಲಿಲ್ಲ, ಕೈಯಲ್ಲೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆ, ತುದಿಗೆ ಗಂಟೂ ಹಾಕಲಿಲ್ಲ. ಅವಳು ಕೈಗೆ ತೆಗೆದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ನನ್ನ ಕೆಲಸ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಇದು ಒಂದು ದಾರ ಎಳೆದ್ರೆ ಬಿಟ್ಟು ಬರುತ್ತಲ್ರೀ."

"ಬರಲಿ ಅಂತಾನೇ ಹಾಕಿರೋದು" ಎಂದೆ.